ಬಿಡಿ ಭಾಗಗಳೂ ಇಡಿಯ ಕಂಪ್ಯೂಟರೂ

ಸಿಪಿಯು ಪೆಟ್ಟಿಗೆ, ಮಾನಿಟರ್, ಕೀಬೋರ್ಡ್, ಮೌಸ್ ಮೇಜಿನ ಮೇಲೆ ಬಿಡಿಬಿಡಿಯಾಗಿ ಇರುವಾಗ ಅಲ್ಲಿ ಕಂಪ್ಯೂಟರ್ ಇದೆ ಎನ್ನಬಹುದೇ? ಮಾನಿಟರಿನ ಕೇಬಲ್, ಯುಎಸ್‌ಬಿ ತಂತಿಗಳನ್ನು ಸಿಕ್ಕಿಸಿ ಸ್ವಿಚ್ ಒತ್ತಿದಾಗ ಹೊಸದೊಂದು ವಸ್ತು ಹುಟ್ಟಿತೇ? ಪಾಲಿ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ರಥದ ಬಗ್ಗೆ ಎತ್ತುವ ಪ್ರಶ್ನೆ ಇದೇ. ಗಾಲಿ ರಥವಲ್ಲ, ಅಚ್ಚೂ ರಥವಲ್ಲ. ಇವುಗಳನ್ನು ಅವಲಂಬಿಸಿ ಬಳಸುವ ಹೆಸರಷ್ಟೇ ರಥ. ನ್ಯಾಯ-ವೈಶೇಷಿಕ ದರ್ಶನಗಳವರು ಇದನ್ನು ಒಪ್ಪುವುದಿಲ್ಲ. ಅವಯವಗಳು (ಭಾಗಗಳು) ಕೂಡಿದಾಗ ಅವುಗಳಿಗಿಂತ ಬೇರೆಯಾದ ಅವಯವಿ (ಇಡಿಯ ವಸ್ತು) ನಿಜವಾಗಿಯೇ ಹುಟ್ಟುತ್ತದೆ ಎಂಬುದು ಅವರ ಮತ. ಭಾಗಗಳ ನಡುವಿನದು ಸಂಯೋಗ, ಅದನ್ನು ಬಿಡಿಸಬಹುದು; ಅವಯವಿ ಅವಯವಗಳಲ್ಲಿ ನೆಲೆಸುವುದು ಸಮವಾಯದಿಂದ, ಅದನ್ನು ಬಿಡಿಸಲಾಗದು.

ಯುಎಸ್‌ಬಿ ಜೋಡಣೆ ಸಂಯೋಗಕ್ಕೆ ಒಳ್ಳೆಯ ನಿದರ್ಶನ. ಯಂತ್ರ ಓಡುತ್ತಿರುವಾಗಲೇ ಮೌಸನ್ನು ಕೀಳಬಹುದು, ಮತ್ತೆ ಸಿಕ್ಕಿಸಬಹುದು. ಮಾನಿಟರ್ ಇಲ್ಲದೆಯೂ ಲೆಕ್ಕ ನಡೆಯುತ್ತದೆ. ಎಷ್ಟೋ ಸರ್ವರ್‌ಗಳು ಹಾಗೆಯೇ ದುಡಿಯುತ್ತವೆ. ರ‍್ಯಾಮ್ ತೆಗೆದರೆ ಮಾತ್ರ ಯಂತ್ರ ಏಳುವುದೇ ಇಲ್ಲ. ಈ ವ್ಯತ್ಯಾಸ ವಸ್ತುವಿನಲ್ಲೇ ಇದೆ, ಬರೀ ಹೆಸರಿನಿಂದ ಬಂದದ್ದಲ್ಲ. ಆದರೆ ವೈಶೇಷಿಕರಿಗೂ ತೊಡಕಿದೆ: ಒಂದು ಅವಯವ ಕಳಚಿದರೆ ಹಳೆಯ ಅವಯವಿ ನಾಶವಾಗಿ ಹೊಸತು ಹುಟ್ಟಿತು ಎನ್ನಬೇಕಾಗುತ್ತದೆ. ಮೌಸ್ ಬದಲಿಸಿದ ಮಾತ್ರಕ್ಕೆ ಕಂಪ್ಯೂಟರೇ ಬೇರೆಯಾಯಿತೆಂದು ಯಾರೂ ಒಪ್ಪರು. ಮೌಸ್, ಪ್ರಿಂಟರ್‌ಗಳನ್ನು ಅವಯವಗಳ ಸಾಲಿನಿಂದ ತೆಗೆದು ಹೊರಗಿನ ಉಪಕರಣಗಳೆಂದು ಎಣಿಸುವುದೇ ಸರಿ.