ಸಮುವೇಲ: ಬೇಡಿ ಪಡೆದ ಮಗುವಿನ ಹೆಸರು

ಸಂತಾನವಿಲ್ಲದ ದಂಪತಿಗಳು ದೇವರಲ್ಲಿ ಬೇಡಿಕೊಂಡು, ಮಗು ಹುಟ್ಟಿದರೆ ಆ ದೇವರ ಹೆಸರನ್ನೇ ಇಡುವುದಾಗಿ ಹರಕೆ ಹೊತ್ತು, ಹುಟ್ಟಿದ ಮೇಲೆ ಹೆಸರಿನ ಮೂಲಕವೇ ಆ ಮಾತನ್ನು ಸಲ್ಲಿಸುವ ರೂಢಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇಂದಿಗೂ ಜೀವಂತವಾಗಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಕ್ಷೇತ್ರದಲ್ಲಿ ಸುಬ್ರಹ್ಮಣ್ಯ ಮತ್ತು ನರಸಿಂಹ ಒಂದೇ ಶಿಲೆಯಲ್ಲಿ ನೆಲೆಸಿದ್ದು, ಹಿಂಬದಿಯ ನರಸಿಂಹನನ್ನು ಕನ್ನಡಿಯಲ್ಲಿ ನೋಡಬೇಕು. ಅಲ್ಲಿ ಮಕ್ಕಳಿಗಾಗಿ ನಾಗಪ್ರತಿಷ್ಠೆ ಮಾಡಿಸಿದವರು ನಿಲ್ಲಿಸಿದ ನಾಗರಕಲ್ಲುಗಳ ಸಾಲುಗಳೇ ಈ ರೂಢಿಯ ಆಳವನ್ನು ಹೇಳುತ್ತವೆ. ಸುತ್ತಲಿನ ಹಳ್ಳಿಗಳ ಸುಬ್ಬಣ್ಣ, ಸುಬ್ಬರಾಯಪ್ಪ, ನಾಗರಾಜರಂತೆಯೇ ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಕಡೆ ಗಂಗಾಧರ, ಹೊನ್ನಮ್ಮಂದಿರೂ ಹೊಸಕೋಟೆ, ದೇವನಹಳ್ಳಿಗಳ ಕಡೆ ಮುನಿಯಪ್ಪ, ಮುನಿರಾಜುಗಳೂ ಹೇರಳವಾಗಿದ್ದಾರೆ. ಕ್ರೈಸ್ತ ಕುಟುಂಬಗಳಲ್ಲಿ ಗಂಡುಮಕ್ಕಳಿಗೆ ಇಡುವ ಸಮುವೇಲ, ಅಥವಾ ಆಡುಮಾತಿನ ಸ್ಯಾಮ್ಯುಯೆಲ್, ಎಂಬ ಹೆಸರು ಉಚ್ಚಾರಣೆಯಲ್ಲಿ ಪರದೇಶದ್ದೆನಿಸಿದರೂ ಹುಟ್ಟಿನಿಂದ ಇದೇ ಬಳಗಕ್ಕೆ ಸೇರಿದ್ದು.

ಯೆಹೂದ್ಯರೂ ಕ್ರೈಸ್ತರೂ ಪವಿತ್ರವೆಂದು ಒಪ್ಪುವ ಹೀಬ್ರೂ ಗ್ರಂಥಗಳಿಗೆ ಕ್ರೈಸ್ತರು ಹಳೆಯ ಒಡಂಬಡಿಕೆ ಎನ್ನುತ್ತಾರೆ. ಅದರಲ್ಲಿ ಸಮುವೇಲನ ಹೆಸರಿನ ಎರಡು ಪುಸ್ತಕಗಳಿವೆ. ಎಲ್ಕಾನನ ಇಬ್ಬರು ಹೆಂಡತಿಯರಲ್ಲಿ ಮಕ್ಕಳಿಲ್ಲದ ಹನ್ನಳು, ಮಕ್ಕಳೊಂದಿಗಳಾದ ಸವತಿ ಪೆನಿನ್ನಳ ಚುಚ್ಚುಮಾತುಗಳಿಂದ ನೊಂದು, ಕುಟುಂಬವು ವರ್ಷಕ್ಕೊಮ್ಮೆ ಬಲಿಯರ್ಪಿಸಲು ಹೋಗುತ್ತಿದ್ದ ಶೀಲೋ ಎಂಬ ಕ್ಷೇತ್ರದಲ್ಲಿ ಅತ್ತು ಪ್ರಾರ್ಥಿಸಿದಳೆಂಬುದು ಮೊದಲ ಪುಸ್ತಕದ ಆರಂಭ. ಗಂಡುಮಗು ಹುಟ್ಟಿದರೆ ಅದನ್ನು ಜೀವಮಾನವೆಲ್ಲ ದೇವರಿಗೇ ಒಪ್ಪಿಸುವುದಾಗಿಯೂ ಅದರ ತಲೆಗೆ ಕ್ಷೌರದ ಕತ್ತಿ ಸೋಕಿಸುವುದಿಲ್ಲವೆಂದೂ ಅವಳು ಹರಕೆ ಹೊತ್ತಳು. ಕನ್ನಡ ನಾಡಿನಲ್ಲಿ ಹರಕೆ ತೀರಿಸಲು ಮುಡಿ ಕೊಡುತ್ತಾರೆ. ಹನ್ನಳ ಕಥೆಯಲ್ಲಿ ಮುಡಿಯನ್ನು ಉಳಿಸಿಕೊಳ್ಳುವುದೇ ಹರಕೆಯಾಗಿತ್ತು. ತುಟಿ ಅಲುಗುತ್ತಿದ್ದರೂ ದನಿ ಹೊರಡದ ಅವಳ ಪ್ರಾರ್ಥನೆಯನ್ನು ಕಂಡ ಯಾಜಕ ಏಲಿ, ಅಂದರೆ ಆ ಕ್ಷೇತ್ರದ ಬಲಿಪೂಜೆಯ ಪುರೋಹಿತ, ಅವಳು ಕುಡಿದು ಬಂದಿದ್ದಾಳೆಂದು ಗದರಿಸಿದನು. ಆದರೆ ಶತಮಾನಗಳ ನಂತರ ಯೆಹೂದ್ಯ ಧರ್ಮಶಾಸ್ತ್ರದ ಮಹಾಸಂಗ್ರಹವಾದ ತಾಲ್ಮುದ್, ಮನಸ್ಸನ್ನು ಏಕಾಗ್ರಗೊಳಿಸಿ, ತುಟಿಗಳಿಂದ ಉಚ್ಚರಿಸುತ್ತ, ದನಿ ಏರಿಸದೆ ಪ್ರಾರ್ಥಿಸಬೇಕೆಂಬ ವಿಧಿಗಳಿಗೆ ಪುರೋಹಿತನನ್ನಲ್ಲ, ಈ ಹೆಂಗಸನ್ನೇ ಆಧಾರವಾಗಿ ಹಿಡಿಯಿತು. ಯೆಹೂದ್ಯರ ಹೊಸವರ್ಷದ ಮೊದಲ ದಿನ ಪ್ರಾರ್ಥನಾಮಂದಿರಗಳಲ್ಲಿ ಓದುವುದೂ ಇವಳ ಕಥೆಯನ್ನೇ. ಬಂಜೆಯೆಂದು ಹೀಗಳೆಯಲ್ಪಟ್ಟ ಒಬ್ಬಳ ಮೌನವು ಒಂದು ಇಡೀ ಜನಾಂಗದ ಪ್ರಾರ್ಥನಾಕ್ರಮವನ್ನೇ ರೂಪಿಸಿತೆಂಬುದು ಧರ್ಮಗಳ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.

ದೇವರಿಂದ ಬೇಡಿ ಪಡೆದೆನೆಂದು ಹೇಳಿ ಹನ್ನಳು ಮಗನಿಗೆ ಸಮುವೇಲನೆಂದು ಹೆಸರಿಟ್ಟಳೆಂದು ಗ್ರಂಥ ಹೇಳಿದರೂ, ವಿದ್ವಾಂಸರಲ್ಲಿ ಹಲವರು ಅದನ್ನು ದೇವರ ನಾಮವೆಂಬ ಅರ್ಥದಲ್ಲಿ ಗ್ರಹಿಸುತ್ತಾರೆ. ಈ ಚರ್ಚೆ ಹೇಗೇ ಮುಗಿದರೂ, ಹೆಸರಿನ ಆಕರ್ಷಣೆ ಇರುವುದು ಮುಂದಿನ ಘಟನೆಯಲ್ಲಿ: ಮೊಲೆ ಬಿಡಿಸಿದ ಮೇಲೆ ಅವಳು ಮಗುವನ್ನು ಶೀಲೋವಿಗೆ ಕರೆದೊಯ್ದು ಬಿಟ್ಟುಬಂದಳು, ಮತ್ತು ಪ್ರತಿವರ್ಷವೂ ಅವನಿಗೊಂದು ಚಿಕ್ಕ ನಿಲುವಂಗಿಯನ್ನು ಹೊಲಿದು ಒಯ್ಯುತ್ತಿದ್ದಳು. ಮಗುವನ್ನು ದೇವರಿಗೆ ಕೊಟ್ಟ ತಾಯಿ ತಾಯ್ತನವನ್ನು ಕೊಟ್ಟುಬಿಡಲಿಲ್ಲ ಎಂಬುದಕ್ಕೆ ಈ ಒಂದು ವಿವರವೇ ಸಾಕು.

ಹರಕೆಯ ಹೆಸರು ಒಂದು ಮತದ ಸ್ವತ್ತಲ್ಲ. 1750ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿಗೆ ಆ ಹೆಸರು ಬಂದದ್ದು ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾರಿಂದ. ಅವರ ದರ್ಗಾದಲ್ಲಿ ತಂದೆತಾಯಿಗಳು ಗಂಡುಮಗುವಿಗಾಗಿ ಬೇಡಿಕೊಂಡಿದ್ದರೆಂಬ ಪರಂಪರೆ ಪ್ರಸಿದ್ಧವಾಗಿದೆ. ಸಮುವೇಲನಾದರೋ ಇಸ್ಲಾಮಿಗೂ ಅಪರಿಚಿತನಲ್ಲ. ಕುರ್‌ಆನ್ ಅವನ ಹೆಸರನ್ನು ಹೇಳದಿದ್ದರೂ, ಎರಡನೆಯ ಅಧ್ಯಾಯದಲ್ಲಿ ಇಸ್ರಾಯೇಲರು ತಮಗೊಬ್ಬ ಅರಸನನ್ನು ನೇಮಿಸೆಂದು ಕೇಳಿಕೊಂಡ ಪ್ರವಾದಿಯನ್ನು ವ್ಯಾಖ್ಯಾನಕಾರರು ಸಾಮಾನ್ಯವಾಗಿ ಶಮ್ವೀಲ್ ಎಂದು ಗುರುತಿಸಿದ್ದಾರೆ.

ಕನ್ನಡಕ್ಕೆ ಸಮುವೇಲನೆಂಬ ಹೆಸರನ್ನು ತಂದುದರಲ್ಲಿ ಬೈಬಲ್ ಅನುವಾದದ ಪಾತ್ರ ದೊಡ್ಡದು. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ 19ನೆಯ ಶತಮಾನದ ಮೊದಲ ದಶಕಗಳಲ್ಲಿ ಆ ಕೆಲಸ ಮಾಡಿದರು. ಮೈಸೂರು ಸೀಮೆಯಲ್ಲಿ 1820ರ ದಶಕದಿಂದ ದುಡಿದ ವೆಸ್ಲಿಯನ್ ಮಿಷನ್ನಿಗೆ ಮೂಲಪುರುಷನಾದ ಜಾನ್ ವೆಸ್ಲಿಯ ತಂದೆಯ ಹೆಸರೂ ಸಮುವೇಲನೇ. ಸಂತರ ಹೆಸರುಗಳನ್ನೇ ಹೆಚ್ಚಾಗಿ ಇಡುತ್ತಿದ್ದ ಕಥೋಲಿಕರಲ್ಲಿ ಚೌರಪ್ಪ, ಅಂತೋಣಪ್ಪ, ಇನ್ನಾಸಪ್ಪಗಳು ರೂಢಿಯಾದರೆ, ಹಳೆಯ ಒಡಂಬಡಿಕೆಯ ಹೆಸರುಗಳನ್ನು ಪ್ರೊಟೆಸ್ಟೆಂಟರು ಹೆಚ್ಚು ಪ್ರೀತಿಯಿಂದ ಅಪ್ಪಿಕೊಂಡರು. ಇದರಿಂದ ನಾಡಿನ ನಂಟು ಕಡಿಯಲಿಲ್ಲ: ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ, 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಪಾದ್ರಿ ಉತ್ತಂಗಿ ಚೆನ್ನಪ್ಪನವರ ತಂದೆಯ ಹೆಸರು, ಹಳೆಯ ಒಡಂಬಡಿಕೆಯ ದಾನಿಯೇಲನಿಗೆ ಕನ್ನಡದ ಅಪ್ಪ ಸೇರಿದ ದಾನಿಯೇಲಪ್ಪ.

ಈ ಹೆಸರಿನೊಂದಿಗೆ ಬರುವ ಕಠಿಣ ಪ್ರಶ್ನೆಯೊಂದನ್ನು ಮರೆಮಾಚುವುದು ಸರಿಯಲ್ಲ. ಇನ್ನೂ ಹುಟ್ಟದ ಮಗುವಿನ ಬದುಕನ್ನು ಹರಕೆಯಾಗಿ ಕೊಡಲು ತಾಯಿತಂದೆಗಳಿಗೆ ಅಧಿಕಾರವುಂಟೆ? ಐತರೇಯ ಬ್ರಾಹ್ಮಣವೆಂಬ ವೈದಿಕ ಗ್ರಂಥವು ಈ ಪ್ರಶ್ನೆಯನ್ನು ಹರಿಶ್ಚಂದ್ರನ ಮೂಲಕ ಕೇಳುತ್ತದೆ. ಸಂತಾನಹೀನನಾದ ಅರಸನು, ಮಗ ಹುಟ್ಟಿದರೆ ಅವನನ್ನೇ ಬಲಿಯಾಗಿ ಕೊಟ್ಟು ಯಜ್ಞ ಮಾಡುವೆನೆಂದು ವರುಣನಿಗೆ ಮಾತು ಕೊಟ್ಟು, ರೋಹಿತನು ಹುಟ್ಟಿದ ಮೇಲೆ ಒಂದೊಂದೇ ನೆಪ ಹೇಳಿ ಮುಂದೂಡುತ್ತಾನೆ. ಬೆಳೆದ ರೋಹಿತನು ಒಪ್ಪದೆ ಬಿಲ್ಲು ಹಿಡಿದು ಕಾಡಿಗೆ ನಡೆದುಬಿಡುತ್ತಾನೆ. ಅವನ ಬದಲಿಗೆ ಬಲಿಗಾಗಿ ನೂರು ಹಸುಗಳಿಗೆ ಕೊಂಡು ತಂದ ಶುನಃಶೇಪನೆಂಬ ಹುಡುಗನು ದೇವತೆಗಳನ್ನು ಸ್ತುತಿಸಿ ಪಾಶದಿಂದ ಬಿಡುಗಡೆ ಹೊಂದಿ, ವಿಶ್ವಾಮಿತ್ರನ ಮಗನಾಗಿ ದೇವರಾತ, ಅಂದರೆ ದೇವರು ಕೊಟ್ಟವನು, ಎಂಬ ಹೆಸರು ಪಡೆಯುತ್ತಾನೆ. ಹೆತ್ತವರ ಹರಕೆಗೆ ಮಗನ ಒಪ್ಪಿಗೆಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಇಷ್ಟು ನೇರವಾಗಿ ಎದುರಿಸಿದ ಕಥೆ ಅಪರೂಪ.

ಸಮುವೇಲನ ಮೊದಲ ಪುಸ್ತಕದ ಮೂರನೆಯ ಅಧ್ಯಾಯವೂ ಇದೇ ಪ್ರಶ್ನೆಯನ್ನು ತನ್ನ ರೀತಿಯಲ್ಲಿ ಬಿಡಿಸುತ್ತದೆ. ರಾತ್ರಿ ತನ್ನ ಹೆಸರು ಹಿಡಿದು ಕರೆದದ್ದನ್ನು ಕೇಳಿದ ಹುಡುಗನು ಏಲಿಯೇ ಕರೆದನೆಂದು ಮೂರು ಸಲ ಅವನ ಬಳಿಗೆ ಓಡುತ್ತಾನೆ. ನಾಲ್ಕನೆಯ ಸಲ, ಏಲಿ ತಿಳಿಸಿಕೊಟ್ಟ ಮೇಲೆ, ದೇವರಿಗೆ ತಾನೇ ಓಗೊಡುತ್ತಾನೆ. ತಾಯಿಯ ಹರಕೆ ಅವನನ್ನು ಗುಡಿಯ ಬಾಗಿಲವರೆಗೆ ತಂದಿತ್ತು. ಪ್ರವಾದಿಯಾದದ್ದು ಅವನ ಸ್ವಂತ ಉತ್ತರದಿಂದ. ಮುಂದೆ ಸೌಲನನ್ನೂ ದಾವೀದನನ್ನೂ ಇಸ್ರಾಯೇಲರ ಅರಸುತನಕ್ಕೆ ಅಭಿಷೇಕಿಸಿದ ಅವನ ಸ್ವಂತ ಮಕ್ಕಳು ಲಂಚಕೋರರಾದರೆಂಬುದನ್ನೂ ಗ್ರಂಥವು ಮುಚ್ಚಿಡುವುದಿಲ್ಲ; ಭಕ್ತಿಯು ರಕ್ತದಲ್ಲಿ ಇಳಿದುಬರುವ ಆಸ್ತಿಯಲ್ಲವೆಂದು ಅದು ಅಷ್ಟೇ ಸ್ಪಷ್ಟವಾಗಿ ತಿಳಿಸುತ್ತದೆ. ಮಗನಿಗೆ ಈ ಹೆಸರನ್ನಿಡುವ ಕುಟುಂಬಗಳು ಹನ್ನಳ ಪ್ರಾರ್ಥನೆಯಿರುವ ಮೊದಲ ಅಧ್ಯಾಯದ ಜೊತೆಗೆ ಈ ಮೂರನೆಯ ಅಧ್ಯಾಯವನ್ನೂ ಮಗುವಿಗೆ ತಿಳಿವು ಬರುವ ವಯಸ್ಸಿನಲ್ಲಿ ಓದಿ ಹೇಳಬೇಕು.