ಮುತ್ತಿನ ನಡುವಣ ಗಂಟು

ಮುತ್ತಿನ ಸರ ಪೋಣಿಸುವುದು ಒಂದು ವಿದ್ಯೆಯೆಂದು ನಾನು ಬಹುಕಾಲ ಒಪ್ಪಿರಲಿಲ್ಲ. ಸೂಜಿ ಇದೆ, ದಾರ ಇದೆ, ಮುತ್ತಿಗೆ ತೂತು ಇದೆ, ಇನ್ನೇನು ಬೇಕು? ಈ ನಂಬಿಕೆಯ ಬಲದಿಂದಲೇ, ಹೈದರಾಬಾದಿನಿಂದ ಬಿಡಿಯಾಗಿ ತಂದಿದ್ದ 68 ಮುತ್ತುಗಳನ್ನು ಒಂದು ಭಾನುವಾರ ಕಾಫಿಗೂ ಊಟಕ್ಕೂ ನಡುವೆ ಪೋಣಿಸಿ ಮುಗಿಸಿ, ಕೊಂಡಿ ಕಟ್ಟಿ, ಹೆಂಡತಿಯ ಕೈಗಿತ್ತೆ. ಅಂಗಡಿಯವನಿಗೆ ಕೊಡಬೇಕಾಗಿದ್ದ ಕೂಲಿ ಉಳಿಯಿತೆಂಬ ಹೆಮ್ಮೆ ಬೇರೆ.

ಅದು 2022ನೆಯ ಇಸವಿ. 1933ರ ನಂತರ ಮೊದಲ ಬಾರಿಗೆ ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ. ಎಲ್ಲರಂತೆ ನಾವೂ ನೋಡಲು ಹೋದೆವು. ಹಾಗೆಯೇ ಹಿರಿಯೂರಿನಲ್ಲಿ ನಮ್ಮ ಸೋದರತ್ತೆಯ ಮನೆಗೂ ಹೋದೆವು. ಅತ್ತೆಗೆ ಆಗಲೇ ಎಂಬತ್ತು ದಾಟಿತ್ತು. ಬೀದಿಯ ಹೆಂಗಸರ ಕರಿಮಣಿ, ಹವಳ, ಮುತ್ತುಗಳನ್ನೆಲ್ಲ ಪೋಣಿಸಿಕೊಡುವವರು ಅವರೇ. ಹೊಸ ಸರವನ್ನು ಬೆರಳಿನಿಂದ ಸವರಿ, "ನಡುವೆ ಗಂಟೆಲ್ಲಪ್ಪಾ?" ಎಂದರು.

"ಗಂಟು ಯಾಕತ್ತೆ? ದಾರ ಗಟ್ಟಿಯಾಗಿದೆ."

"ಗಟ್ಟಿಯಾಗೇ ಇರುತ್ತೆ, ಹರಿಯೋವರ್ಗೂ" ಎಂದು ನಕ್ಕು ಹಿಂದಕ್ಕೆ ಕೊಟ್ಟರು.

ಹರಿದದ್ದು ಹೊಳಲ್ಕೆರೆಯಲ್ಲಿ. ಕಾರ್ತಿಕದಲ್ಲಿ ಹೊಸದುರ್ಗದಲ್ಲೊಂದು ಮದುವೆ; ಚಿತ್ರದುರ್ಗದಿಂದ ಬಸ್ಸು ಹತ್ತಿದ್ದೆವು. ಹೊಳಲ್ಕೆರೆಯ ನಿಲ್ದಾಣದಲ್ಲಿ ಇಳಿಯುವಾಗ ಕೈಚೀಲದ ಪಟ್ಟಿ ಸರಕ್ಕೆ ಸಿಕ್ಕಿತು. ಪಟ್ಟೆಂದದ್ದು ಕೇಳಿಸಲೇ ಇಲ್ಲ; ಕೇಳಿಸಿದ್ದು ನೆಲದ ಮೇಲೆ ಮುತ್ತುಗಳು ಪುಟಿದ ಸದ್ದು. ಸೌತೆಕಾಯಿ ಮಾರುತ್ತಿದ್ದ ಹನ್ನೆರಡು ಹದಿಮೂರು ವರ್ಷದ ಹುಡುಗನೊಬ್ಬ ಬುಟ್ಟಿಯನ್ನು ಕೆಳಗಿಟ್ಟು, ಬೆಂಚಿನ ಅಡಿ, ಬಸ್ಸಿನ ಗಾಲಿಯ ಹತ್ತಿರ, ಎಲ್ಲೆಲ್ಲೋ ತೆವಳಿ ಹಿಡಿಹಿಡಿಯಾಗಿ ತಂದುಕೊಟ್ಟ. ಎಣಿಸಿದೆ. ಅರವತ್ತೊಂದು. ಅವನ ಮುಖ ನೋಡಿ ಕೇಳಿದೆ: "ಇಷ್ಟೇ ಏನೋ?"

ಅವನು ಮಾತಾಡಲಿಲ್ಲ. ಎರಡು ಅಂಗೈಯನ್ನೂ ಬಿಡಿಸಿ ತೋರಿಸಿದ. ಆಮೇಲೆ, ಯಾರೂ ಹೇಳದೆಯೇ, ಚಡ್ಡಿಯ ಜೇಬುಗಳನ್ನು ಹೊರಕ್ಕೆ ತಿರುವಿದ. ಒಂದು ನಾಣ್ಯ, ಉಪ್ಪುಖಾರದ ಪೊಟ್ಟಣ ಕೆಳಗೆ ಬಿದ್ದುವು. ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು.

ಹೊಸದುರ್ಗದ ಛತ್ರದಲ್ಲಿ ನನ್ನಾಕೆ ಸೀರೆ ಕೊಡವಿದಾಗ ನೆರಿಗೆಯಿಂದ ಮೂರು ಉದುರಿದುವು. ಕೈಚೀಲದ ತಳದಲ್ಲಿ ಎರಡು ಸಿಕ್ಕವು. ಒಂದು ಮುತ್ತು—ಹೇಳಲು ನಾಚಿಕೆ—ನನ್ನ ಜುಬ್ಬದ ಜೇಬಿನಲ್ಲೇ ಇತ್ತು. ತಿರುವಬೇಕಾಗಿದ್ದ ಜೇಬು ಯಾವುದೆಂದು ಆಗ ತಿಳಿಯಿತು. ಏಳನೆಯದು ಇಂದಿಗೂ ಸಿಕ್ಕಿಲ್ಲ. ಅದು ಎಲ್ಲಿ ಹೋಯಿತೆಂಬುದಕ್ಕೆ ಯಾರ ಹೆಸರನ್ನೂ ಕೊಡುವ ಅಧಿಕಾರ ನನಗಿಲ್ಲ. ಎರಡು ದಿನದ ಮೇಲೆ ಹಿಂದಿರುಗುವಾಗ ಹೊಳಲ್ಕೆರೆಯಲ್ಲಿ ಇಳಿದು ಹುಡುಕಿದೆ. ಅವನು ರಜದ ದಿನ ಮಾತ್ರ ಬರುತ್ತಾನೆಂದು ಹಣ್ಣಿನಂಗಡಿಯವನು ಹೇಳಿದ.

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆಯನ್ನು ಎಷ್ಟೋ ಸಲ ಮಕ್ಕಳಿಗೆ ಬರೆಸಿದವನು ನಾನು. ಎರಡೂ ಒಂದೇ ನಿಮಿಷದಲ್ಲಿ ನನ್ನ ಕೈಯಿಂದಲೇ ಹೋಗಬಹುದೆಂದು ತೋರಿರಲಿಲ್ಲ. ಆ ಮುತ್ತುಗಳಾದರೂ ಏನು ಮಹಾ? ಜಪಾನಿನ ಮಿಕಿಮೊಟೊ 1893ರಲ್ಲಿ ಚಿಪ್ಪಿನೊಳಗೆ ಮುತ್ತನ್ನು ಬೆಳೆಸಿ ತೆಗೆದ ಮೇಲೆ ಮುತ್ತು ಅರಮನೆಯ ಮೆಟ್ಟಿಲಿಳಿದು ನಮ್ಮಂಥವರ ಮನೆಗೂ ಬಂದಿದೆ. ನನ್ನವು ಸಿಹಿನೀರಿನ ಸಾಕಣೆಯವು. ಏಳರ ಬೆಲೆ ಆ ಬುಟ್ಟಿಯ ಸೌತೆಕಾಯಿಗಳ ಬೆಲೆಗಿಂತ ಬಹಳ ಹೆಚ್ಚಿರಲಾರದು.

ಮುಂದಿನ ವಾರ ಅತ್ತೆಯ ಮುಂದೆ ಶಿಷ್ಯನಾಗಿ ಕುಳಿತೆ. ಗಂಟು ಹಾಕುವುದು ನೋಡಲು ಸುಲಭ. ರೇಷ್ಮೆ ದಾರಕ್ಕೆ ಒಂದು ಮುತ್ತು ಇಳಿಸಬೇಕು. ಅದರ ಹಿಂದೆ ಸಡಿಲವಾದ ಕುಣಿಕೆ ಮಾಡಬೇಕು. ಕುಣಿಕೆಯೊಳಗೆ ಸೂಜಿಯ ಮೊನೆ ಇಟ್ಟು, ಅದನ್ನು ಮುತ್ತಿನ ಬೆನ್ನಿಗೆ ತಾಗುವವರೆಗೆ ಸರಿಸಿ ತಂದು, ಸೂಜಿಯನ್ನು ಎಳೆದುಕೊಳ್ಳುತ್ತಲೇ ಉಗುರಿನಿಂದ ಗಂಟನ್ನು ಒತ್ತಬೇಕು. ಎಳ್ಳಿನಷ್ಟು ದೂರದಲ್ಲಿ ಬಿಗಿದುಕೊಂಡಿತೋ, ಅಲ್ಲಿ ಬೋಳು ದಾರ ಕಾಣುತ್ತದೆ. ಬಿಚ್ಚಲು ಹೋದರೆ ರೇಷ್ಮೆ ಎಳೆಯೆಳೆಯಾಗುತ್ತದೆ. ಗಂಟು ತೂತಿಗಿಂತ ದಪ್ಪವಿರಬೇಕು, ಮುತ್ತಿಗಿಂತ ಮುಂದಾಗಿ ಕಾಣಬಾರದು. ಒಡವೆಯಂಗಡಿಗಳ ಜಗಲಿಯಲ್ಲಿ ಪಟವೇಗಾರರು ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಇಂಥ ಕೆಲಸವನ್ನು ಕಣ್ಣೆತ್ತಿ ಮಾತಾಡುತ್ತಲೇ ಮಾಡಿಬಿಡುತ್ತಾರೆ. ನನಗೆ ಮೊದಲ ಹನ್ನೆರಡು ಗಂಟಿಗೆ ಒಂದು ಮಧ್ಯಾಹ್ನ ಹಿಡಿಯಿತು.

ಗಂಟಿನ ಉಪಯೋಗ ಎರಡು. ಮುತ್ತು ಕಲ್ಲಲ್ಲ, ಸುಣ್ಣದ ಅಂಶ ಪದರ ಪದರವಾಗಿ ಕೂಡಿ ಆದದ್ದು. ಒಂದಕ್ಕೊಂದು ಉಜ್ಜಿದರೆ ಸವೆಯುತ್ತದೆ; ಗಂಟು ಅವನ್ನು ಬೇರೆಯಾಗಿ ಇಡುತ್ತದೆ. ಎರಡನೆಯದು, ದಾರ ಹರಿದರೂ ಉದುರುವುದು ಒಂದೇ ಮುತ್ತು. ದಾರದ ಆಯುಸ್ಸು ಕಡಮೆ ಎಂಬುದನ್ನು ನಮ್ಮೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಚಂದ್ರವಳ್ಳಿಯಲ್ಲಿ 1947ರಲ್ಲಿ ವೀಲರ್ ಅಗೆಸಿದಾಗ ಶಾತವಾಹನರ ಕಾಲದ ಪದರಗಳಲ್ಲಿ ಮಣಿಗಳು ದೊರೆತುವು, ದಾರವಲ್ಲ. ಅಲ್ಲಿಯೇ ರೋಮಿನ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಅದೇ ಶತಮಾನದಲ್ಲಿ ಪ್ಲಿನಿ ಎಂಬ ರೋಮನ್ ಪಂಡಿತ, ಭಾರತ, ಚೀನಾ, ಅರೇಬಿಯಾಗಳು ನಮ್ಮ ಹೆಂಗಸರ ಷೋಕಿಗಾಗಿ ವರ್ಷಕ್ಕೆ ಹತ್ತು ಕೋಟಿ ನಾಣ್ಯ ಹೀರುತ್ತಿವೆಯೆಂದು ಗೊಣಗಿದ್ದಾನೆ. ಒಡವೆಯ ವಿಷಯದಲ್ಲಿ ನೀತಿ ಹೇಳುವವರೆಲ್ಲ ಅಂದಿನಿಂದ ಇಂದಿನವರೆಗೆ ವಿಚಾರ ಮಾಡಿರುವುದು ಹೆಚ್ಚಾಗಿ ಅದನ್ನು ಹೊಂದಬಹುದೆ, ಬಾರದೆ ಎಂದು. ಹೊಂದಿದವನು ಅದನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದು ಹೆಂಗಸರ ಮನೆವಾರ್ತೆಯೆಂದು ಬಿಟ್ಟುಬಿಟ್ಟಿದ್ದಾರೆ.

ಕಲಿಸುವ ಮೊದಲು ಅತ್ತೆ ಒಂದು ಕೆಲಸ ಮಾಡಿದರು. ಹಿತ್ತಾಳೆ ತಟ್ಟೆಯಲ್ಲಿ ಬಟ್ಟೆ ಹಾಸಿ, ನನ್ನ ಮುತ್ತುಗಳನ್ನು ಸುರಿಸಿ, ನನ್ನಿಂದ ಗಟ್ಟಿಯಾಗಿ ಎಣಿಸಿದರು, ತಾವೂ ಎಣಿಸಿದರು, 67 ಎಂದು ಕ್ಯಾಲೆಂಡರಿನ ಹಿಂದೆ ಬರೆದರು. ನನಗೆ ನಗು ಬಂತು. "ನನ್ನ ಮೇಲೂ ಅನುಮಾನವೇ ಅತ್ತೆ?" ಎಂದೆ.

"ನಿನ್ ಮೇಲಲ್ಲ ಕಣಪ್ಪ. ನಾಳೆ ನಿಂಗೆ ನನ್ ಮೇಲೆ ಬರಬಾರ್ದಲ್ಲ, ಅದಕ್ಕೆ. ನನ್ ಮಗಳದಾದ್ರೂ ಎಣಿಸ್ದೆ ಮುಟ್ಟಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ಗಂಟು, ಎಣಿಕೆ, ಪತ್ರ, ರಶೀದಿ—ಇವೆಲ್ಲ ಅಪನಂಬಿಕೆಯ ಮಕ್ಕಳೆಂದು ನಾನು ತಿಳಿದಿದ್ದೆ. ಬಂಧುಗಳ ನಡುವೆ ಲೆಕ್ಕವೇಕೆ ಎಂದು ದೊಡ್ಡತನದಿಂದ ಹೇಳುವವರಲ್ಲಿ ನಾನೂ ಒಬ್ಬ. ನನ್ನ ತಂದೆ ಹಾಗೆಯೇ ಹೇಳಿ ದಾಯಾದಿಯೊಬ್ಬರಿಗೆ ಬರಹವಿಲ್ಲದೆ ಹಣ ಕೊಟ್ಟರು; ತೀರಿತೆಂದು ಅವರು, ಇಲ್ಲವೆಂದು ಇವರು; ಎರಡು ಮನೆಗಳ ನಡುವೆ ಇಪ್ಪತ್ತು ವರ್ಷ ನೀರಿನ ಬಳಕೆಯೂ ಇರಲಿಲ್ಲ. ಅವರಿಬ್ಬರಲ್ಲಿ ಯಾರೂ ಕಳ್ಳರಲ್ಲವೆಂದು ಈಗ ನನಗೆ ತೋರುತ್ತದೆ. ಹೊಳಲ್ಕೆರೆಯಲ್ಲಿಯೂ ಹಾಗೆಯೇ. ಅನುಮಾನ ಬಂದದ್ದು ಸಹಜವಿರಬಹುದು. ಏಳು ಕಡಮೆಯಾದರೆ ಯಾರ ಕಣ್ಣಾದರೂ ಹತ್ತಿರವಿದ್ದವನ ಮೇಲೆ ಹೋದೀತು. ಆದರೆ ಅದಕ್ಕೆ ಎಡೆ ಮಾಡಿದ್ದು ನನ್ನ ಆ ಭಾನುವಾರದ ಸೋಮಾರಿತನ. ಗಂಟುಗಳಿದ್ದಿದ್ದರೆ ಒಂದು ಮುತ್ತು ಬೀಳುತ್ತಿತ್ತು, ಹುಡುಗ ಅದನ್ನು ಎತ್ತಿಕೊಟ್ಟು ಸೌತೆಕಾಯಿ ಮಾರಲು ಹೋಗುತ್ತಿದ್ದ. ನಾನು ಹಾಕದ ಗಂಟು ಮುತ್ತನ್ನು ಕಾಯುವುದಕ್ಕಿಂತ ಹೆಚ್ಚಾಗಿ ಆ ಹುಡುಗನನ್ನು ನನ್ನಿಂದ ಕಾಯಬೇಕಾಗಿತ್ತು.

ವಕೀಲರಾಗಿದ್ದ ನನ್ನ ಗೆಳೆಯರೊಬ್ಬರು ಇದನ್ನು ಕೇಳಿ, "ಹಾಗಾದರೆ ಕಳೆದುಕೊಂಡವನೇ ಅಪರಾಧಿ ಅನ್ನಿ. ಕಳ್ಳನನ್ನು ಬಿಟ್ಟು, ಬಾಗಿಲು ಹಾಕದವನನ್ನು ಜೈಲಿಗೆ ಹಾಕೋಣ" ಎಂದರು. ಇಲ್ಲ. ಕದ್ದವನ ತಪ್ಪು ನನ್ನ ಮರೆವಿನಿಂದ ಕೂದಲಿನಷ್ಟೂ ಕಡಮೆಯಾಗದು. ನಾನು ಹೇಳುತ್ತಿರುವುದು ಕದಿಯದವನ ಮಾತು. ಅವನಿಗೆ ನಾನೇನೋ ಸಲ್ಲಿಸಬೇಕಾಗಿತ್ತು.

ಇನ್ನೊಂದು ಆಕ್ಷೇಪಣೆ ನನಗೇ ಹೊಳೆದದ್ದು. ಅದು ಇಷ್ಟು ಸುಲಭವಾಗಿ ಹೋಗುವುದಿಲ್ಲ. ನಾನು ಸಾಮಾನು ತರುವ ಅಂಗಡಿಯಲ್ಲಿ ಮೂಲೆಮೂಲೆಗೂ ಕ್ಯಾಮೆರಾ ಇವೆ. ನನಗೆ ಅವು ಹಿಡಿಸುವುದಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಯಾರೋ ನನ್ನ ಜೇಬನ್ನು ತಿರುವಿದಂತಾಗುತ್ತದೆ. ಹಾಗೆಂದಾಗ ಯಜಮಾನರು, "ಹೋದ ವರ್ಷ ಹಣದ ಕಟ್ಟು ಕಾಣದಾದಾಗ ಕೆಲಸದ ಹುಡುಗನನ್ನು ಉಳಿಸಿದ್ದು ಇದೇ ಸಾರ್. ಕಟ್ಟು ಮೂಟೆಗಳ ಹಿಂದೆ ಬಿದ್ದದ್ದು ಇದರಲ್ಲೇ ಕಂಡಿತು" ಎಂದರು. ನಾನು ಸುಮ್ಮನಾದೆ. ಆದರೂ ಅತ್ತೆಯ ತಟ್ಟೆಗೂ ಆ ಗಾಜಿನ ಕಣ್ಣಿಗೂ ಎಲ್ಲೋ ವ್ಯತ್ಯಾಸವಿದೆಯೆಂದು ನನ್ನ ಮನಸ್ಸು ಹಟ ಹಿಡಿಯುತ್ತದೆ. ತಟ್ಟೆಯ ಮುಂದೆ ಇಬ್ಬರೂ ಕೂತಿರುತ್ತಾರೆ, ಇಬ್ಬರೂ ಬಾಯಿಬಿಟ್ಟು ಎಣಿಸುತ್ತಾರೆ. ಆ ಕೆಲಸದ ಹುಡುಗನನ್ನು ಕೂತುಕೋ ಎಂದು ಯಾರೂ ಕರೆದಿರಲಿಲ್ಲ.

ಸರ ಮುಗಿಯಿತು. ಒಂದು ಮುತ್ತು ಕಡಮೆಯಾದರೂ ಗಂಟುಗಳೆಲ್ಲ ಸೇರಿ ಮೊದಲಿಗಿಂತ ಮೂರು ಬೆರಳು ಉದ್ದವಾಗಿತ್ತು. ಮೊದಲ ಹನ್ನೆರಡು ಗಂಟು ಸೊಟ್ಟಗಿರುವುದರಿಂದ ನನ್ನಾಕೆ ಆ ಭಾಗವನ್ನು ಜಡೆಯ ಕೆಳಗೆ ಮರೆಮಾಡಿ ಹಾಕಿಕೊಳ್ಳುತ್ತಾಳೆ.

ಈಚೆಗೆ ಮತ್ತೆ ಹೊಸದುರ್ಗಕ್ಕೆ ಹೋಗುವುದಿತ್ತು. ಹೊಳಲ್ಕೆರೆಯಲ್ಲಿ ಇಳಿದೆ. ಬುಟ್ಟಿ ಹೊತ್ತ ಹುಡುಗರಿದ್ದರು. ಅವನಿಗೆ ಈಗ ಮೀಸೆ ಮೂಡಿರಬೇಕು, ನನಗೆ ಗುರುತು ಸಿಕ್ಕೀತೆಂಬ ಭರವಸೆ ಇಲ್ಲ, ಅವನಿಗೆ ನನ್ನ ಗುರುತು ಸಿಕ್ಕಿದರೂ ಸಿಕ್ಕೀತು. ಒಬ್ಬ ಚಿಕ್ಕವನ ಹತ್ತಿರ ಸೌತೆಕಾಯಿ ಕೊಂಡು ನೂರರ ನೋಟು ಕೊಟ್ಟೆ. ಅವನು ಚಿಲ್ಲರೆಯನ್ನು ನನ್ನ ಅಂಗೈಗೆ ಹಾಕಿ, "ಎಣಿಸ್ಕೊಳಿ ಸಾರ್" ಎಂದ. ಹಿಂದೆಲ್ಲ ಪರವಾಗಿಲ್ಲ ಬಿಡಪ್ಪ ಎಂದು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಈ ಸಲ ಅಲ್ಲೇ ನಿಂತು, ಅವನಿಗೆ ಕೇಳುವಂತೆ ಎಣಿಸಿದೆ.