ಒಳ್ಳೆಯವನಾಗಲು ಕಡತ ಅಳಿಸಿದರೆ ಸಾಕೆ?

ಪೊಲೀಸನೊಬ್ಬ ಗೂಂಡಾಗಳ ನಡುವೆ ಗೂಂಡಾ ಆಗಿ ಬದುಕುತ್ತಾನೆ. ಗೂಂಡಾ ಒಬ್ಬ ಪೊಲೀಸರ ನಡುವೆ ಪೊಲೀಸನಾಗಿ ಬದುಕುತ್ತಾನೆ. ಇಬ್ಬರಲ್ಲಿ ಒಳ್ಳೆಯವನು ಯಾರು? 2002ರಲ್ಲಿ ಹಾಂಗ್‌ಕಾಂಗ್‌ನ ಆಂಡ್ರ್ಯೂ ಲಾವ್, ಅಲನ್ ಮಾಕ್ ಸೇರಿ ತೆಗೆದ 'ಇನ್ಫರ್ನಲ್ ಅಫೇರ್ಸ್' ಕೇಳೋದು ಇದನ್ನೇ. 2006ರಲ್ಲಿ ಸ್ಕಾರ್ಸೆಸೆ ಈ ಕತೆಯನ್ನು ಬಾಸ್ಟನ್‌ಗೆ ಒಯ್ದು 'ದಿ ಡಿಪಾರ್ಟೆಡ್' ಮಾಡಿ ಆಸ್ಕರ್ ಪಡೆದ. ನಾವು ಮಾತಾಡುತ್ತಿರೋದು ಮೊದಲಿನದರ ಬಗ್ಗೆ.

ಯಾನ್ ಪೊಲೀಸ್. ಇಲಾಖೆಯೇ ಅವನನ್ನು ತರಬೇತಿ ಶಾಲೆಯಿಂದ ಹೊರಹಾಕಿದಂತೆ ಮಾಡಿ ಗ್ಯಾಂಗಿನೊಳಗೆ ಬಿಡುತ್ತದೆ. ಮೂರು ವರ್ಷ ಅಂದವರು ಹತ್ತು ವರ್ಷವಾದರೂ ಕರೆಸಿಕೊಳ್ಳಲಿಲ್ಲ. ಹೊಡೆಯಬೇಕು, ಹೊಡೆಸಿಕೊಳ್ಳಬೇಕು, ತಾನು ಯಾರೆಂದು ಯಾರಿಗೂ ಹೇಳುವಂತಿಲ್ಲ. ಅವನ ಗುರುತಿಗೆ ಸಾಕ್ಷಿ ಎರಡೇ: ಮೇಲಧಿಕಾರಿ ವಾಂಗ್, ಕಂಪ್ಯೂಟರಿನಲ್ಲಿರುವ ಒಂದು ಕಡತ. ಗ್ಯಾಂಗಿನವರು ವಾಂಗ್‌ನನ್ನು ಕೊಂದ ದಿನ ಉಳಿದದ್ದು ಕಡತವೊಂದೇ.

ಗ್ಯಾಂಗಿನ ದಣಿ ಸ್ಯಾಮ್ ಪೊಲೀಸರೊಳಗೆ ನುಗ್ಗಿಸಿದವನು ಮಿಂಗ್. ಅವನಿಗೆ ಬಡ್ತಿ, ಹೊಸ ಮನೆ, ಮದುವೆಯಾಗಲಿರುವ ಹುಡುಗಿ. ಹೀಗಿರುವಾಗ ಒಳ್ಳೆಯವನಾಗೋ ಆಸೆ ಅವನಿಗೆ ಹುಟ್ಟುತ್ತದೆ. ಆ ಆಸೆ ಸುಳ್ಳಲ್ಲ. ಆದರೆ ಅದಕ್ಕಾಗಿ ಅವನು ಮಾಡಿದ್ದೇನು? ತನ್ನ ದಣಿಯನ್ನೇ ಗುಂಡಿಟ್ಟು ಕೊಂದ. ತನ್ನ ಗುಟ್ಟು ಯಾನ್‌ಗೆ ತಿಳಿಯಿತೆಂದಾಗ ಯಾನ್‌ನ ಕಡತವನ್ನೇ ಅಳಿಸಿದ. ಒಂದು ಗುಂಡಿ ಒತ್ತಿದರೆ ಹತ್ತು ವರ್ಷದ ಬದುಕು ಮಾಯ!

ಗೆಳೆಯರೇ, ಈ ಮಿಂಗ್ ನಮಗೆ ಹೊಸಬನಲ್ಲ. "ಈಗೆಲ್ಲಿದೆ ಜಾತಿ? ಹಳೇದನ್ನೆಲ್ಲ ಮರೆತುಬಿಡ್ರಪ್ಪ" ಅಂತಾರಲ್ಲ, ಅವರ ಒಳ್ಳೆಯತನದ ಆಸೆಯೂ ಸುಳ್ಳಿರಲಿಕ್ಕಿಲ್ಲ. ಆದರೆ ಅಜ್ಜ ನುಂಗಿದ ಜಮೀನು ಅವರ ಹತ್ತಿರವೇ ಇರಬೇಕು, ನೆನಪು ಮಾತ್ರ ನಾವು ಬಿಡಬೇಕು! ನಮ್ಮವರಿಗೆ ಮಂಜೂರಾಗಿ ಪರರ ಪಾಲಾದ ಜಮೀನನ್ನು ವಾಪಸು ಕೊಡಿಸಲೆಂದು ಕರ್ನಾಟಕ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತಂದಿತು. ಅರ್ಜಿಗೆ ಕಾಲಮಿತಿಯಿಲ್ಲ ಎಂದು 2023ರಲ್ಲಿ ತಿದ್ದುಪಡಿಯಾಯಿತು. ಕಚೇರಿ ಅಲೆದವರಿಗೆ ಗೊತ್ತು, ಅಲ್ಲಿ ಮೊದಲು ಕೇಳೋದು ಮಂಜೂರಾತಿ ದಾಖಲೆಯನ್ನೇ. ಆ ಹಾಳೆ ಮಾಯವಾದರೆ ಜಮೀನೂ ಇಲ್ಲ, ಅನ್ಯಾಯವೂ ನಡೆದೇ ಇಲ್ಲ. ಅಳಿಸುವವನಿಗೆ ಇದು ಚೆನ್ನಾಗಿ ಗೊತ್ತು.

ಚಿತ್ರದ ಚೀನೀ ಹೆಸರು ಬೌದ್ಧರು ಹೇಳುವ ಅವೀಚಿಯನ್ನು ಸೂಚಿಸುತ್ತದೆ. ಬಿಡುವೇ ಇಲ್ಲದ ನೋವಿನ ನರಕ ಅದು. ಕೊನೆಗೆ ಯಾನ್ ಲಿಫ್ಟಿನ ಬಾಗಿಲಲ್ಲಿ ಗುಂಡೇಟಿಗೆ ಸಾಯುತ್ತಾನೆ. ಮಿಂಗ್ ತನ್ನ ಪೊಲೀಸ್ ಗುರುತಿನ ಚೀಟಿ ತೋರಿಸುತ್ತ ಹೊರಬರುತ್ತಾನೆ. ಚೀನಾದ ಮುಖ್ಯನಾಡಿಗೆ ಬೇರೆಯದೇ ಕೊನೆ ಮಾಡಿ ಮಿಂಗ್‌ನನ್ನು ಬಂಧಿಸಿ ತೋರಿಸಿದರು. ಅಧಿಕಾರಕ್ಕೆ ಅದು ಅನುಕೂಲ. ಮೂಲ ಚಿತ್ರವಾದರೋ ಬದುಕಿ ಉಳಿದವನಿಗೇ ನರಕ ಅನ್ನುತ್ತದೆ.

ಈ ಮಾತನ್ನು ನಾವು ಪೂರ್ತಿ ಒಪ್ಪೋದಿಲ್ಲ. ಅಳಿಸಿದವನ ಮನಸ್ಸು ಒಳಗೊಳಗೇ ಬೇಯುತ್ತಿದೆ ಅಂದಮಾತ್ರಕ್ಕೆ ಅಳಿಸಿಹೋದವನಿಗೆ ನ್ಯಾಯ ಸಿಕ್ಕಂತಾಯಿತೆ? ಯಾನ್‌ಗೆ ಪೊಲೀಸನೆಂಬ ಗುರುತು ವಾಪಸು ಬಂದದ್ದು ಸತ್ತ ಮೇಲೆ, ಗೋರಿ ಮುಂದಿನ ಸೆಲ್ಯೂಟಿನಲ್ಲಿ. ಪಶ್ಚಾತ್ತಾಪ ಅನ್ನೋದು ಒಬ್ಬನ ಎದೆಯೊಳಗಿನ ಸಂಕಟವಾಗಿಯೇ ಉಳಿದರೆ ಅದರಿಂದ ಯಾರ ಹೊಟ್ಟೆಯೂ ತುಂಬೋದಿಲ್ಲ.

ಒಳ್ಳೆಯವನಾಗಬೇಕು ಅನ್ನುವವನು ಮೊದಲು ಆ ಕಡತ ತೆರೆಯಲಿ. ನಮ್ಮ ಹೆಸರಿನ ಪಕ್ಕದಲ್ಲಿ ತನ್ನ ಹೆಸರನ್ನೂ, ತಾನು ಮಾಡಿದ್ದನ್ನೂ ಬರೆಯಲಿ. ತಗೊಂಡದ್ದನ್ನು ವಾಪಸು ಇಡಲಿ. ಆಮೇಲೆ ನಮ್ಮ ಜಗಲಿಗೆ ಬರಲಿ. ಚಾಪೆ ಹಾಸೋದಕ್ಕೆ ನಾವು ತಡ ಮಾಡೋದಿಲ್ಲ.